ಕಾಯಿದೆ ಹೆತ್ತ ಕೆಲಸಗಳು

ಬೆಂಗಳೂರಿನ ಯಾವುದಾದರೂ ದೊಡ್ಡ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯಿರಿ. ಕಾರುಗಳ ಸಾಲು ದಾಟಿ, ಜನರೇಟರ್ ಕೋಣೆಯನ್ನೂ ದಾಟಿ ಮೂಲೆಗೆ ಹೋದರೆ ಗುಂಯ್ ಎನ್ನುವ ಸದ್ದು, ಬೆಚ್ಚನೆಯ ಗಾಳಿ, ಜೊತೆಗೊಂದು ವಾಸನೆ. ಅದೇ ಎಸ್‌ಟಿಪಿ, ಕೊಳಚೆ ನೀರು ಶುದ್ಧೀಕರಣ ಘಟಕ. ಬರುವ ವಾಸನೆ ಹಸಿಮಣ್ಣಿನದ್ದಾದರೆ ಘಟಕ ಆರೋಗ್ಯವಾಗಿದೆ. ಕೊಳೆತ ಮೊಟ್ಟೆಯದ್ದಾದರೆ ಗಾಳಿ ಊದುವ ಬ್ಲೋವರ್ ಕೆಟ್ಟಿದೆ, ಇಲ್ಲವೇ ಕರೆಂಟ್ ಬಿಲ್ ಉಳಿಸಲು ಯಾರೋ ರಾತ್ರಿಯಿಡೀ ಅದನ್ನು ಆಫ್ ಮಾಡಿದ್ದಾರೆ. ಎರಡನೆಯದೇ ಹೆಚ್ಚು ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು.

ಆ ಎರಡು ವಾಸನೆಗಳ ವ್ಯತ್ಯಾಸ ತಿಳಿದವರಿಗೆ ಈ ನಗರದಲ್ಲಿ ಕೆಲಸವಿದೆ. ಆದರೆ ಪರಿಸರ ಎಂಜಿನಿಯರಿಂಗ್ ಮುಗಿಸಿ ಹೊರಬಂದ ಹುಡುಗ ಹುಡುಗಿಯರು ಮೊದಲು ಹುಡುಕುವುದು ಬೇಸ್‌ಮೆಂಟಿನಲ್ಲಲ್ಲ, ಜಾಬ್ ಪೋರ್ಟಲ್‌ನಲ್ಲಿ. ಅಲ್ಲಿ ‘ಎನ್ವಿರಾನ್‌ಮೆಂಟ್’ ಎಂದು ಟೈಪ್ ಮಾಡಿದರೆ ‘ಫಾಸ್ಟ್ ಪೇಸ್ಡ್ ಎನ್ವಿರಾನ್‌ಮೆಂಟ್‌’ನಲ್ಲಿ ದುಡಿಯಬಲ್ಲ ಸೇಲ್ಸ್ ಎಕ್ಸಿಕ್ಯೂಟಿವ್ ಬೇಕು ಎಂಬ ಜಾಹೀರಾತುಗಳು ಸಾಲಾಗಿ ಬಂದು ನಿಲ್ಲುತ್ತವೆ. ಎರಡು ತಿಂಗಳು ಹೀಗೆ ಹುಡುಕಿದ ಮೇಲೆ ‘ನಮ್ಮ ಬ್ರಾಂಚಿಗೆ ಸ್ಕೋಪ್ ಇಲ್ಲ’ ಎಂಬ ತೀರ್ಮಾನ ಹೊರಬೀಳುತ್ತದೆ. ಅಷ್ಟರಲ್ಲಿ ಜೊತೆಯವರು ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಸೇರಿರುತ್ತಾರೆ. ಮನೆಯಲ್ಲೂ ‘ನೀನೂ ಸೇರ್ಕೋ’ ಎಂಬ ಮಾತು ಶುರುವಾಗಿರುತ್ತದೆ.

ಸ್ಕೋಪ್ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಇಲ್ಲಿ ಕೆಲಸ ಹುಟ್ಟುವ ಬಗೆಯೇ ಬೇರೆ, ಅಷ್ಟೆ. ಮೊಬೈಲ್ ಆ್ಯಪ್ ಬೇಕು ಎಂದು ಗ್ರಾಹಕ ತಾನಾಗಿ ಕೇಳುತ್ತಾನೆ. ಎಸ್‌ಟಿಪಿ ಬೇಕು ಎಂದು ಯಾವ ಬಿಲ್ಡರ್ ಕೂಡ ತಾನಾಗಿ ಕೇಳಿದವನಲ್ಲ. ಕಾಯಿದೆ ಕೇಳುತ್ತದೆ, ಅವನು ಕಟ್ಟುತ್ತಾನೆ. ಈ ವೃತ್ತಿಯ ಹೆಚ್ಚುಕಡಿಮೆ ಎಲ್ಲ ಕೆಲಸಗಳ ಹಿಂದೆಯೂ ಒಂದು ಕಾಯಿದೆ, ಒಂದು ಅಧಿಸೂಚನೆ, ಇಲ್ಲವೇ ನ್ಯಾಯಾಲಯದ ಒಂದು ಆದೇಶವಿದೆ. ಹಾಗಾಗಿ ಯಾವ ಕಂಪನಿ ಫ್ರೆಶರ್‌ಗಳನ್ನು ತೆಗೆದುಕೊಳ್ಳುತ್ತಿದೆ ಎಂದು ಕೇಳುವ ಮೊದಲು ಯಾವ ನಿಯಮ ಯಾರ ತಲೆಯ ಮೇಲೆ ಕೂತಿದೆ ಎಂದು ನೋಡಿಕೊಳ್ಳಬೇಕು.

1974ರ ಜಲ ಕಾಯಿದೆಯಿಂದ ಮಾಲಿನ್ಯ ನಿಯಂತ್ರಣ ಮಂಡಳಿಗಳು ಬಂದವು. ಕೇಂದ್ರದ್ದು, ನಮ್ಮ ರಾಜ್ಯದ್ದು ಎರಡೂ ಆ ವರ್ಷದ ಸೆಪ್ಟೆಂಬರಿನ ಕೂಸುಗಳು. 1981ರಲ್ಲಿ ವಾಯು ಕಾಯಿದೆ ಬಂದು ಚಿಮಣಿ ಅಳೆಯುವ ಕೆಲಸ ಹುಟ್ಟಿತು. ಭೋಪಾಲ್ ದುರಂತದ ಬೆನ್ನಿಗೇ 1986ರ ಪರಿಸರ ಸಂರಕ್ಷಣಾ ಕಾಯಿದೆ ಬಂತು. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜಿನ (ಇಐಎ) ಅಧಿಸೂಚನೆಯಂತೂ ಕನ್ಸಲ್ಟೆನ್ಸಿಗಳ ಒಂದು ದೊಡ್ಡ ಕೇರಿಯನ್ನೇ ಕಟ್ಟಿತು. 2010ರಲ್ಲಿ ಹಸಿರು ನ್ಯಾಯಮಂಡಳಿ ಬಂದ ಮೇಲೆ ಹಳೆಯ ಕಾಯಿದೆಗಳಿಗೆ ಹಲ್ಲು ಬಂದವು. 2016ರಲ್ಲಿ ಘನತ್ಯಾಜ್ಯ, ಪ್ಲಾಸ್ಟಿಕ್ ನಿಯಮಗಳು ಬಂದರೆ, 2022ರಲ್ಲಿ ಬ್ಯಾಟರಿ, ಇ–ತ್ಯಾಜ್ಯ ನಿಯಮಗಳು ಹೊಸದಾದವು. ಒಂದೊಂದು ತಾರೀಖಿನ ಹಿಂದೆಯೂ ಒಂದೊಂದು ಬಗೆಯ ಸಂಬಳವಿದೆ.

ಕೆಂಪು, ಕಿತ್ತಳೆ, ಹಸಿರು, ಬಿಳಿ

ಕಾರ್ಖಾನೆ ಕಟ್ಟುವ ಮೊದಲು ಸ್ಥಾಪನಾ ಸಮ್ಮತಿ ಬೇಕು. ಕಟ್ಟಿದ ಮೇಲೆ ನಡೆಸುವುದಕ್ಕೆ ಇನ್ನೊಂದು ಸಮ್ಮತಿ. ಎಲ್ಲರ ಬಾಯಲ್ಲಿ ಇವು ಸಿಎಫ್‌ಇ, ಸಿಎಫ್‌ಒ. ಉದ್ದಿಮೆಯ ಮಾಲಿನ್ಯ ಸೂಚ್ಯಂಕ 60 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಕೆಂಪು ವರ್ಗ, 41ರಿಂದ 59 ಕಿತ್ತಳೆ, 21ರಿಂದ 40 ಹಸಿರು, 20ರವರೆಗೆ ಬಿಳಿ ಎಂದು ಕೇಂದ್ರ ಮಂಡಳಿ 2016ರಲ್ಲಿ ವಿಂಗಡಿಸಿತ್ತು. ಕೆಲಸ ಹುಡುಕುವವರಿಗೆ ಈ ಬಣ್ಣಗಳು ದಾರಿ ತೋರಿಸುತ್ತವೆ. ಬಿಳಿ ವರ್ಗದ ಉದ್ದಿಮೆಗೆ ನಿಮ್ಮಿಂದ ಏನೂ ಆಗಬೇಕಿಲ್ಲ. ಕೆಂಪು ವರ್ಗದವರಿಗೆ ನೀವಿಲ್ಲದಿದ್ದರೆ ನಡೆಯುವುದಿಲ್ಲ. ತೋರಣಗಲ್ಲಿನ ಉಕ್ಕು, ರಾಯಚೂರಿನ ಶಾಖೋತ್ಪನ್ನ ವಿದ್ಯುತ್, ಕಲಬುರಗಿ ಕಡೆಯ ಸಿಮೆಂಟ್, ಬೆಳಗಾವಿ–ಬಾಗಲಕೋಟೆಯ ಸಕ್ಕರೆ ಮತ್ತು ಡಿಸ್ಟಿಲರಿಗಳ ಕೆಲಸಕ್ಕೆ ಬೆಂಗಳೂರಿನ ರೂಮಿನಲ್ಲಿ ಕೂತು ಅರ್ಜಿ ಹಾಕುವವರು ಕಡಿಮೆ. ಪೈಪೋಟಿಯೂ ಅಷ್ಟಕ್ಕಷ್ಟೆ.

ಡಿಸ್ಟಿಲರಿಯನ್ನೇ ತೆಗೆದುಕೊಳ್ಳಿ. ಕಾಕಂಬಿಯಿಂದ ಒಂದು ಲೀಟರ್ ಆಲ್ಕೊಹಾಲ್ ತೆಗೆದರೆ ಎಂಟರಿಂದ ಹದಿನೈದು ಲೀಟರ್‌ವರೆಗೆ ಸ್ಪೆಂಟ್ ವಾಶ್ ಉಳಿಯುತ್ತದೆ. ಕಡುಕಂದು ಬಣ್ಣದ, ಕುದಿಬಿಸಿಯ ಈ ದ್ರವದ ಸಿಒಡಿ (ಕೊಳೆಯನ್ನು ಅಳೆಯುವ ರಾಸಾಯನಿಕ ಆಮ್ಲಜನಕ ಬೇಡಿಕೆ) ಲೀಟರಿಗೆ ಲಕ್ಷ ಮಿಲಿಗ್ರಾಂ ಆಸುಪಾಸು. ಮನೆಯ ಕೊಳಚೆಯದು ನೂರರ ಲೆಕ್ಕದಲ್ಲಿ ಇರುತ್ತದೆ. ಸ್ಪೆಂಟ್ ವಾಶನ್ನು ಹಳ್ಳಕ್ಕೆ ಬಿಡುವ ಹಾಗಿಲ್ಲ, ಒಂದು ಹನಿಯೂ ಆವರಣದಾಚೆ ಹೋಗಬಾರದು. ಹಾಗಾಗಿ ಇವಾಪರೇಟರ್‌ನಲ್ಲಿ ಇಂಗಿಸಿ, ಬಾಯ್ಲರ್‌ನಲ್ಲಿ ಉರಿಸಿ ಮುಗಿಸಬೇಕು. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಸರ್ಕಾರದ ಧೋರಣೆಯಿಂದ ಈ ಭಾಗದಲ್ಲಿ ಡಿಸ್ಟಿಲರಿಗಳು ಹೆಚ್ಚಾಗಿವೆ. ಇದ್ದವೂ ದೊಡ್ಡದಾಗಿವೆ. ಇವಾಪರೇಟರ್‌ನ ಟ್ಯೂಬಿಗೆ ಪೊರೆ ಕಟ್ಟಿದಾಗ ಏನು ಮಾಡಬೇಕೆಂದು ಗೊತ್ತಿರುವ ಎಂಜಿನಿಯರ್ ಅಲ್ಲಿ ನಾಲ್ಕು ವರ್ಷ ನಿಂತರೆ, ಆಮೇಲೆ ಅರ್ಜಿ ಹಾಕುವುದು ಅವನಲ್ಲ, ಕಾರ್ಖಾನೆಗಳೇ ಫೋನ್ ಮಾಡುತ್ತವೆ. ಕಬ್ಬು ನುರಿಸುವ ಹಂಗಾಮಿಗೆ ಮುಂಚಿನ ಆಗಸ್ಟ್–ಸೆಪ್ಟೆಂಬರ್ ಇಲ್ಲಿ ಬಯೋಡೇಟಾ ಕೊಡಲು ಸರಿಯಾದ ಹೊತ್ತು.

ಹೆಚ್ಚು ಮಾಲಿನ್ಯದ 17 ವರ್ಗದ ಉದ್ದಿಮೆಗಳು ಚಿಮಣಿಗೂ ಹೊರಹರಿವಿಗೂ ಆನ್‌ಲೈನ್ ಮಾಪಕ ಕೂರಿಸಬೇಕೆಂದು ಕೇಂದ್ರ ಮಂಡಳಿ 2014ರಲ್ಲಿ ನಿರ್ದೇಶನ ಕೊಟ್ಟಿತು. ಆ ಮಾಪಕ ನೇರವಾಗಿ ಮಂಡಳಿಯ ಸರ್ವರ್‌ಗೆ ಅಂಕಿ ಕಳಿಸುತ್ತದೆ. ಮಿತಿ ದಾಟಿದರೆ ತಾನೇ ಸಂದೇಶ ಹೋಗುತ್ತದೆ. ಇದರಿಂದ ಇನ್‌ಸ್ಟ್ರುಮೆಂಟ್ ಮಾರುವ, ಕ್ಯಾಲಿಬ್ರೇಟ್ ಮಾಡುವ, ರಾತ್ರಿ ಎರಡು ಗಂಟೆಗೆ ಅಂಕಿ ಯಾಕೆ ನಿಂತಿತು ಎಂದು ಉತ್ತರ ಹೇಳುವ ಹೊಸ ಜನವೇ ಹುಟ್ಟಿಕೊಂಡಿತು. ಕಾಲೇಜಿನಲ್ಲಿ ಇದನ್ನು ಹೇಳಿಕೊಡುವವರು ಇನ್ನೂ ವಿರಳ.

ಅಧಿಸೂಚನೆಯ ಆ ಒಂದು ಸಾಲು

ರಾಜ್ಯದಲ್ಲಿ ಬಿ.ಇ. ಹಂತದಲ್ಲೇ ಪರಿಸರ ಎಂಜಿನಿಯರಿಂಗ್ ಕಲಿಸುವ ಕಾಲೇಜುಗಳು ಬೆರಳೆಣಿಕೆಯಷ್ಟು. ಹೆಚ್ಚು ಹೆಸರಾದದ್ದು ಮೈಸೂರಿನ ಎಸ್‌ಜೆಸಿಇ. ಉಳಿದವರಲ್ಲಿ ಬಹಳ ಮಂದಿ ಸಿವಿಲ್ ಓದಿ, ಆಮೇಲೆ ಸುರತ್ಕಲ್ ಎನ್‌ಐಟಿಕೆಯಂಥ ಕಡೆ ಪರಿಸರದಲ್ಲಿ ಎಂ.ಟೆಕ್. ಮಾಡಿ ಬಂದವರು. ಕೆಲಸದ ಸ್ಥಳದಲ್ಲಿ ಇಬ್ಬರಿಗೂ ವ್ಯತ್ಯಾಸವಿಲ್ಲ. ಸರ್ಕಾರಿ ಅಧಿಸೂಚನೆಯ ಎದುರು ಮಾತ್ರ ಅಜಗಜಾಂತರ.

ಕುಡಿಯುವ ನೀರು, ಒಳಚರಂಡಿಗೆ ಸಂಬಂಧಪಟ್ಟ ಎಷ್ಟೋ ಹುದ್ದೆಗಳ ವಿದ್ಯಾರ್ಹತೆಯಲ್ಲಿ ‘ಸಿವಿಲ್ ಎಂಜಿನಿಯರಿಂಗ್ ಪದವಿ’ ಎಂದಷ್ಟೇ ಇರುತ್ತದೆ. ನಾಲ್ಕು ವರ್ಷ ಬರೀ ನೀರು–ಒಳಚರಂಡಿಯನ್ನೇ ಓದಿದ ಪರಿಸರ ಪದವೀಧರೆಗೆ ಆ ಹುದ್ದೆಗೆ ಅರ್ಜಿ ಹಾಕುವ ಅರ್ಹತೆ ಇಲ್ಲ. ಅದೇ ವಿಷಯವನ್ನು ಒಂದೆರಡು ಪೇಪರಿನಲ್ಲಿ ಓದಿದ ಸಿವಿಲ್‌ನವನಿಗೆ ಇದೆ. ಅನ್ಯಾಯವೇ ಸರಿ. ನಿಯಮಾವಳಿ ಬರೆದ ಕಾಲಕ್ಕೆ ಈ ಪದವಿಯೇ ಇರಲಿಲ್ಲ ಎಂಬುದು ಒಂದು ಕಾರಣ ಇರಬಹುದು. ಆಮೇಲೆ ಅದನ್ನು ತಿದ್ದುವ ಗೋಜಿಗೆ ಯಾರೂ ಹೋಗಿಲ್ಲ ಎಂಬುದು ದೊಡ್ಡ ಕಾರಣ. ಹಾಗಾಗಿ ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಹಿಂದಿನ ಅಧಿಸೂಚನೆಗಳನ್ನು ತೆಗೆದು ವಿದ್ಯಾರ್ಹತೆಯ ಕಲಂ ಓದಬೇಕು. ‘ಅಥವಾ ತತ್ಸಮಾನ’ ಎಂಬ ಪದವಿದ್ದರೂ ತತ್ಸಮಾನ ಯಾವುದು ಎಂಬುದಕ್ಕೆ ಪ್ರತ್ಯೇಕ ಆದೇಶ ಕೇಳುತ್ತಾರೆ. ಸಿವಿಲ್‌ಗೂ ಪರಿಸರಕ್ಕೂ ಸೀಟು ಸಿಗುವಂತಿದ್ದು, ಗುರಿ ಸರ್ಕಾರಿ ನೌಕರಿಯೇ ಆಗಿದ್ದರೆ ಸಿವಿಲ್ ತೆಗೆದುಕೊಂಡು ಎಂ.ಟೆಕ್.ನಲ್ಲಿ ಪರಿಸರಕ್ಕೆ ಬರುವುದು ಜಾಣತನ. ಪ್ರಾಧ್ಯಾಪಕರು ಇದನ್ನು ಬಾಯಿಬಿಟ್ಟು ಹೇಳಲಾರರು.

ನೇರವಾಗಿ ನಿಮ್ಮ ಹೆಸರಿನದೇ ಹುದ್ದೆಗಳೂ ಇವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಏಣಿ ಶುರುವಾಗುವುದು ಸಹಾಯಕ ಪರಿಸರ ಅಧಿಕಾರಿಯಿಂದ. ಉಪ ಪರಿಸರ ಅಧಿಕಾರಿ, ಪರಿಸರ ಅಧಿಕಾರಿ ಎಂದು ಮೇಲಕ್ಕೆ ಹೋಗುತ್ತದೆ. ನೇಮಕಾತಿ ಬರುವುದು ಅಪರೂಪ, ಬಂದಾಗ ಕಾದು ಕೂತವರು ಬಹಳ. ನಗರಸಭೆ, ಮಹಾನಗರ ಪಾಲಿಕೆಗಳಲ್ಲಿ ಪರಿಸರ ಎಂಜಿನಿಯರ್ ಎಂಬ ಹುದ್ದೆಯೇ ಇದೆ. ಕಸದ ಆಟೊ, ಪೌರಕಾರ್ಮಿಕರ ಹಾಜರಿ, ಪ್ಲಾಸ್ಟಿಕ್ ದಾಳಿ, ವಾರ್ಡ್ ಸದಸ್ಯರ ಬೈಗುಳ ಎಲ್ಲವೂ ಅದರ ಪಾಲಿಗೆ. ಓದಿದ ಸಮೀಕರಣಗಳಲ್ಲಿ ಒಂದೂ ಅಲ್ಲಿ ಬೇಕಾಗದ ದಿನಗಳೇ ಹೆಚ್ಚು. ಆದರೂ ಒಂದು ಊರಿನ ಕಸದ ದಾರಿಯನ್ನು ಬದಲಾಯಿಸುವ ಅಧಿಕಾರ ಇಪ್ಪತ್ತೇಳರ ವಯಸ್ಸಿನಲ್ಲಿ ಬೇರೆ ಯಾವ ಹುದ್ದೆಯಲ್ಲಿ ಸಿಗುತ್ತದೋ ನಾನು ಕಾಣೆ.

ಕೇಂದ್ರದ ಕಡೆ ನೋಡುವವರು ಗೇಟ್ ಪರೀಕ್ಷೆಯನ್ನು ಗಮನಿಸಬೇಕು. 2021ರಿಂದ ಅದರಲ್ಲಿ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆಂದೇ ಪ್ರತ್ಯೇಕ ಪತ್ರಿಕೆ ಇದೆ. ಅಂಕ ಮೂರು ವರ್ಷ ಊರ್ಜಿತ. ಉನ್ನತ ವ್ಯಾಸಂಗಕ್ಕೆ ಇದು ಒಳ್ಳೆಯದಾಯಿತು. ಸಾರ್ವಜನಿಕ ಉದ್ದಿಮೆಗಳ ನೌಕರಿಗೆ ಮಾತ್ರ ಹಳೆಯ ಸಿವಿಲ್, ಮೆಕ್ಯಾನಿಕಲ್ ಪತ್ರಿಕೆಗಳದೇ ಕಾರುಬಾರು. ನಿಗದಿತ ಜೋಡಿಗಳಲ್ಲಿ ಎರಡು ಪತ್ರಿಕೆ ಬರೆಯುವ ಅವಕಾಶವಿದೆ. ಅದನ್ನು ಬಳಸಿಕೊಳ್ಳದೆ ಬಿಡಬಾರದು.

ಒಂದು ಲೀಟರ್ ಸಿಲಿಂಡರ್

ಖಾಸಗಿ ವಲಯದಲ್ಲಿ ಫ್ರೆಶರ್‌ಗೆ ತೆರೆದಿರುವ ದೊಡ್ಡ ಬಾಗಿಲು ನೀರು ಮತ್ತು ಕೊಳಚೆ ನೀರಿನದು. ಪುಣೆಯ ಥರ್ಮ್ಯಾಕ್ಸ್, ಚೆನ್ನೈನ ವಾಬಾಗ್‌ನಂಥ ದೊಡ್ಡ ಹೆಸರುಗಳಿಂದ ಹಿಡಿದು ಪೀಣ್ಯದ ಶೆಡ್ಡಿನಲ್ಲಿ ಟ್ಯಾಂಕು ವೆಲ್ಡ್ ಮಾಡಿಸುವ ಹತ್ತು ಜನರ ಸಂಸ್ಥೆಯವರೆಗೆ ಇದರ ಹರವಿದೆ. ಕೆಲಸಗಳಲ್ಲಿ ಮೂರು ಬಗೆ: ಡಿಸೈನ್, ಪ್ರಾಜೆಕ್ಟ್, ಆಪರೇಷನ್. ಎಲ್ಲರಿಗೂ ಬೇಕಾದದ್ದು ಎ.ಸಿ. ಕೋಣೆಯ ಡಿಸೈನ್. ನನ್ನ ಮಾತು ಕೇಳುವುದಾದರೆ ಮೊದಲ ಎರಡು ವರ್ಷ ಆಪರೇಷನ್‌ಗೆ ಹೋಗಿ. ಘಟಕ ನಡೆಸದವರು ಬರೆದ ಡ್ರಾಯಿಂಗ್‌ನಲ್ಲಿ ಪಂಪು ಹೊರತೆಗೆಯಲು ಜಾಗವೇ ಇರುವುದಿಲ್ಲ, ಏಣಿ ಹತ್ತಿದರೆ ತಲೆಗೆ ಬೀಮ್ ಬಡಿಯುತ್ತದೆ.

ಆಪರೇಷನ್‌ನಲ್ಲಿ ದಿನವೂ ಮಾಡುವ ಪರೀಕ್ಷೆ ಎಸ್‌ವಿ–30. ಏರೇಷನ್ ಟ್ಯಾಂಕಿನಿಂದ ಒಂದು ಲೀಟರ್ ನೀರು ಎತ್ತಿ ಗಾಜಿನ ಅಳತೆ ಸಿಲಿಂಡರಿಗೆ ಸುರಿಯುತ್ತಾರೆ. ಅಲುಗಾಡಿಸದೆ ಮೂವತ್ತು ನಿಮಿಷ ಬಿಡುತ್ತಾರೆ. ಮೊದಲ ಐದು ನಿಮಿಷದಲ್ಲಿ ಕಂದು ಹುಳಿಯಂಥ ನೀರು ಚೂರುಚೂರಾಗಿ ಒಡೆದು ಗಂಟುಕಟ್ಟಲು ತೊಡಗುತ್ತದೆ. ಗಂಟುಗಳು ಒಂದಕ್ಕೊಂದು ಕೂಡಿಕೊಂಡು ಒಂದು ಕಂಬಳಿಯಾಗಿ ಕೆಳಗಿಳಿಯುತ್ತವೆ. ಅರ್ಧ ಗಂಟೆಗೆ ಕಂಬಳಿ 300 ಮಿಲಿ ಗೆರೆಯ ಬಳಿ ನಿಂತು, ಮೇಲಿನ ನೀರು ತಿಳಿಯಾಗಿದ್ದರೆ ಆಪರೇಟರ್ ಲಾಗ್‌ಬುಕ್ಕಿನಲ್ಲಿ ಅಂಕಿ ಬರೆದು ಚಹಾಕ್ಕೆ ಹೋಗುತ್ತಾನೆ. ಕಂಬಳಿ 800ರಲ್ಲೇ ತೇಲುತ್ತಿದ್ದರೆ ದಾರದಂಥ ಬ್ಯಾಕ್ಟೀರಿಯಾ ಹೆಚ್ಚಾಗಿರಬಹುದು, ಇಲ್ಲವೇ ಸ್ಲಡ್ಜ್ ತೆಗೆದು ಬಹಳ ದಿನ ಆಗಿರಬಹುದು. ಕೂತ ಸ್ಲಡ್ಜ್ ಮತ್ತೆ ಮೇಲೆದ್ದರೆ ಒಳಗೆ ನೈಟ್ರೇಟ್ ಒಡೆದು ಸಾರಜನಕದ ಗುಳ್ಳೆ ಬರುತ್ತಿದೆ. ಬಣ್ಣ ಚಾಕೊಲೇಟಿನದ್ದಿರಬೇಕು, ಕಪ್ಪಾದರೆ ಗಾಳಿ ಸಾಲದು. ಬಿಳಿ ನೊರೆ ಎಂದರೆ ಘಟಕ ಇನ್ನೂ ಎಳೆಯದು, ಅಥವಾ ಯಾರೋ ಡಿಟರ್ಜೆಂಟ್ ಸುರಿದಿದ್ದಾರೆ. ದುಬಾರಿ ಯಂತ್ರ ಯಾವುದೂ ಬೇಡ. ಪದವಿ ಪರೀಕ್ಷೆಯಲ್ಲಿ ಸ್ಲಡ್ಜ್ ಕೂರುವುದನ್ನು ಅಳೆಯುವ ಎಸ್‌ವಿಐ ಸೂತ್ರ ಬರೆದವರಲ್ಲಿ ಈ ಸಿಲಿಂಡರನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಎಂದು ಸಂದರ್ಶಕರು ಕೇಳಿದರೆ ಕೋಣೆ ತೆಪ್ಪಗಾಗುತ್ತದೆ.

ಸಂದರ್ಶನದ ಮಾತು ಬಂತು. ಸಣ್ಣ ಸಂಸ್ಥೆಗಳಲ್ಲಿ ಅದು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ (ಕೆಎಲ್‌ಡಿ ಎಂದರೆ ದಿನಕ್ಕೆ ಸಾವಿರ ಲೀಟರ್):

‘ಕೂತ್ಕೊಳ್ಳಮ್ಮ. ಇನ್ನೂರು ಫ್ಲಾಟಿನ ಅಪಾರ್ಟ್‌ಮೆಂಟು. ಎಸ್‌ಟಿಪಿ ಎಷ್ಟು ಕೆಎಲ್‌ಡಿ ಹಾಕ್ತೀಯಾ?’

‘ಸರ್, ಮನೆಗೆ ಐದು ಜನ ಅಂತ ಹಿಡಿದ್ರೆ ಸಾವಿರ ಜನ. ತಲೆಗೆ ದಿನಕ್ಕೆ 135 ಲೀಟರ್. 135 ಸಾವಿರ ಲೀಟರ್ ನೀರು. ಅದರಲ್ಲಿ ಶೇ 80 ಚರಂಡಿಗೆ ಬಂದ್ರೆ 108 ಕೆಎಲ್‌ಡಿ.’

‘ಸರಿ. ಏರೇಷನ್ ಟ್ಯಾಂಕು?’

ಇಲ್ಲಿ ಮುಗ್ಗರಿಸುವವರೇ ಹೆಚ್ಚು. ಬಿಒಡಿ (ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಬೇಕಾದ ಆಮ್ಲಜನಕ) ಲೀಟರಿಗೆ 250 ಮಿಲಿಗ್ರಾಂ ಎಂದರೆ ದಿನಕ್ಕೆ 27 ಕಿಲೊ ಆಹಾರ ಬರುತ್ತದೆ. ಎಫ್ ಬೈ ಎಂ (ಆಹಾರಕ್ಕೂ ಸೂಕ್ಷ್ಮಜೀವಿಗಳಿಗೂ ಇರುವ ಅನುಪಾತ) 0.12, ಎಂಎಲ್‌ಎಸ್‌ಎಸ್ (ಟ್ಯಾಂಕಿನಲ್ಲಿನ ಸ್ಲಡ್ಜ್‌ನ ಸಾಂದ್ರತೆ) ಲೀಟರಿಗೆ 3,500 ಮಿಲಿಗ್ರಾಂ ಎಂದು ಹಿಡಿದರೆ 27ನ್ನು ಅವೆರಡರ ಗುಣಲಬ್ಧವಾದ 0.42ರಿಂದ ಭಾಗಿಸಬೇಕು. ಸುಮಾರು 64 ಘನ ಮೀಟರ್. ನೀರು ಒಳಗೆ ಹದಿನಾಲ್ಕು ಗಂಟೆ ನಿಲ್ಲುತ್ತದೆ. ಒಂದು ಕಾಗದ, ಎರಡು ನಿಮಿಷ. ಇಷ್ಟನ್ನು ತಡವರಿಸದೆ ಹೇಳಿ, ಕೊನೆಗೆ ‘ಸರ್, ಫ್ಲಾಟುಗಳಲ್ಲಿ ಅರ್ಧ ಖಾಲಿ ಇದ್ರೆ ಮೊದಲ ವರ್ಷ ಲೋಡೇ ಬರಲ್ಲ, ಎರಡು ಸಾಲು ಮಾಡೋದು ವಾಸಿ’ ಎಂದು ತಾನಾಗಿ ಸೇರಿಸಿದ ಹುಡುಗಿಗೆ ಅಲ್ಲೇ ಕೆಲಸ ಕೊಡದ ಮಾಲೀಕ ಮೂರ್ಖ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಕೈಕೊಟ್ಟಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಜಲಮಂಡಳಿ ದಂಡ ಹಾಕಿತು. ಅಲ್ಲಿಯವರೆಗೆ ಎಸ್‌ಟಿಪಿಯನ್ನು ಶನಿ ಎನ್ನುತ್ತಿದ್ದ ನಿವಾಸಿಗಳ ಸಂಘಗಳು, ಸಂಸ್ಕರಿಸಿದ ನೀರಿಗೆ ಬೆಲೆ ಇದೆ ಎಂಬುದನ್ನು ಆಗ ಕಂಡುಕೊಂಡವು. ಇನ್ನೂ ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆ ಇದೆ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಏರಿಸುತ್ತಿದ್ದಾರೆ. ವಿನ್ಯಾಸದ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್. ಶುರುವಾದ ಕೆಲವೇ ವಾರಗಳಲ್ಲಿ ಕೋಲಾರದ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ಪ್ರಕರಣ ಹೈಕೋರ್ಟಿಗೆ ಹೋಯಿತು. ಎರಡನೇ ಹಂತದ ಸಂಸ್ಕರಣೆ ಸಾಕೇ, ಮೂರನೆಯದೂ ಬೇಕೇ ಎಂಬ ವಾದ ಈಗಲೂ ನಡೆದಿದೆ. ಆ ವಾದದ ಎರಡೂ ಬದಿಗೆ ಎಂಜಿನಿಯರ್‌ಗಳು ಬೇಕು.

ಚಿಕ್ಕದರಲ್ಲೂ ಹೊಸತು ನಡೆಯುತ್ತದೆ. ಒಳಚರಂಡಿ ಇಲ್ಲದ ಊರಿನ ಶೌಚ ಗುಂಡಿಗಳನ್ನು ಬರಿದುಮಾಡಿದ ಟ್ಯಾಂಕರ್ ಎಲ್ಲಿ ಸುರಿಯಬೇಕು? ದೇವನಹಳ್ಳಿಯಲ್ಲಿ 2015ರಲ್ಲಿ ಬೆಂಗಳೂರಿನ ಸಿಡಿಡಿ ಸೊಸೈಟಿ ಕಟ್ಟಿದ ಮಲತ್ಯಾಜ್ಯ ಸಂಸ್ಕರಣಾ ಘಟಕ, ಇಡೀ ಪಟ್ಟಣಕ್ಕೆಂದು ದೇಶದಲ್ಲೇ ಮೊದಲು ಆದಂಥದ್ದು. ಇಂಥ ಸಂಸ್ಥೆಗಳಲ್ಲಿ ಸಂಬಳ ಕಡಿಮೆ, ಕಲಿಕೆ ಜಾಸ್ತಿ.

ವರದಿ ಬರೆಯುವವರು

ಗಣಿ, ಕಾರ್ಖಾನೆ, 20,000 ಚದರ ಮೀಟರ್ ದಾಟಿದ ಕಟ್ಟಡ ಇವಕ್ಕೆಲ್ಲ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಪರಿಸರ ಪರಿಣಾಮದ ವರದಿ ಬರೆಯುವ ಸಂಸ್ಥೆಗೆ ನ್ಯಾಬೆಟ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರಬೇಕು. ಗಾಳಿ, ನೀರು, ಶಬ್ದ, ಜೀವವೈವಿಧ್ಯ ಎಂದು ಒಂದೊಂದು ವಿಷಯಕ್ಕೂ ಮಾನ್ಯತೆ ಪಡೆದ ತಜ್ಞರು ಇರಬೇಕು. ಫ್ರೆಶರ್‌ಗೆ ಆ ಪಟ್ಟ ತಕ್ಷಣ ಸಿಗದು. ಹೊಲದ ಬದುವಿನಲ್ಲಿ ಗಾಳಿ ಮಾದರಿಯ ಯಂತ್ರ ಕಾಯುತ್ತಾ, ಬಾವಿ ನೀರು ಬಾಟಲಿಗೆ ತುಂಬುತ್ತಾ, ವರದಿಯ ಮೂರನೇ ಅಧ್ಯಾಯ ಬರೆಯುತ್ತಾ ಅನುಭವ ಗಳಿಸಬೇಕು.

ಈ ಕೆಲಸದ ಒಳಗೊಂದು ತೊಡಕಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ವರದಿಗೆ ದುಡ್ಡು ಕೊಡುವವನು ಯೋಜನೆಯ ಮಾಲೀಕ. ಯೋಜನೆ ಬೇಡ ಎಂಬ ವರದಿ ಬರೆದ ಕನ್ಸಲ್ಟೆಂಟ್‌ಗೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ? ಹಾಗಾಗಿ ಒಂದು ಜಿಲ್ಲೆಯ ಹಕ್ಕಿಗಳ ಪಟ್ಟಿ ಇನ್ನೊಂದು ಜಿಲ್ಲೆಯ ವರದಿಯಲ್ಲಿ ಹಾಗೇ ಕೂತಿರುವ ಪ್ರಸಂಗಗಳು ಆಗುತ್ತಿರುತ್ತವೆ. ಇಪ್ಪತ್ತೆರಡರ ವಯಸ್ಸಿನವರ ಕೈಗೆ ಹಳೆಯ ವರದಿ ಕೊಟ್ಟು ‘ಊರಿನ ಹೆಸರು ಬದಲಾಯಿಸು’ ಎನ್ನುವ ಕಚೇರಿಗಳಿವೆ, ಹೊಲಕ್ಕೆ ಕಳಿಸಿ ಅಳೆದುಕೊಂಡು ಬಾ ಎನ್ನುವವೂ ಇವೆ. ಎರಡನೆಯದು ಸಿಗುವವರೆಗೆ ಮೊದಲನೆಯದರಲ್ಲಿ ಬಹಳ ಕಾಲ ಕೂರಬೇಡಿ, ಕೈ ಕೆಟ್ಟುಹೋಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಈ ಕ್ಷೇತ್ರದಲ್ಲಿ ಒಂದು ಮೇಲುಗೈ ಇದೆ. ಸಾರ್ವಜನಿಕ ಅಹವಾಲು ಸಭೆಗೆ ಮುಂಚೆ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಕೊಡಲೇಬೇಕು, ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಈಗ ಸಿಗುವ ಎಷ್ಟೋ ಕನ್ನಡ ಸಾರಾಂಶಗಳು ಯಂತ್ರಾನುವಾದದ ಕೂಸುಗಳು, ರೈತನಿಗಿರಲಿ ಅದನ್ನು ಅಚ್ಚು ಹಾಕಿದವನಿಗೂ ಅರ್ಥವಾಗವು. ಜಿಲ್ಲಾಧಿಕಾರಿ ಕೂತ ಸಭೆಯಲ್ಲಿ ಎದ್ದುನಿಂತ ಮುದುಕ ‘ಧೂಳು ನಮ್ಮ ಮೆಣಸಿನಕಾಯಿ ಮೇಲೆ ಬಿದ್ರೆ ಯಾರು ಕೊಳ್ತಾರೆ ಸ್ವಾಮಿ’ ಎಂದು ಕೇಳಿದರೆ, ಪಿಎಂ–10 ಎಂಬ ಪದವನ್ನೇ ಬಳಸದೆ ಉತ್ತರ ಹೇಳಬಲ್ಲ ಎಂಜಿನಿಯರ್ ಬೇಕು. ಇಂಗ್ಲಿಷ್ ಚೆನ್ನಾಗಿ ಬರದು ಎಂದು ಅಳುಕುವವರು ಬಯೋಡೇಟಾದಲ್ಲಿ ‘ಕನ್ನಡದಲ್ಲಿ ತಾಂತ್ರಿಕ ವರದಿ ಬರೆಯಬಲ್ಲೆ’ ಎಂದು ಒಂದು ಸಾಲು ಸೇರಿಸಿ ನೋಡಲಿ.

ಕಾರ್ಬನ್ ಲೆಕ್ಕ

ಈಚಿನ ಮೂರ್ನಾಲ್ಕು ವರ್ಷಗಳಲ್ಲಿ ಕಾಲೇಜುಗಳಲ್ಲಿ ಕೇಳಿಬರುವ ಮಾತು ಇಎಸ್‌ಜಿ (ಪರಿಸರ, ಸಮಾಜ, ಆಡಳಿತ), ಸಸ್ಟೇನಬಿಲಿಟಿ. ಇದರ ಹಿಂದೆಯೂ ಆದೇಶಗಳೇ ಇವೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022–23ನೇ ಸಾಲಿನಿಂದ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ–ಸುಸ್ಥಿರತೆಯ ವರದಿ ಕೊಡಬೇಕೆಂದು ಸೆಬಿ ವಿಧಿಸಿತು. ಕಾರ್ಬನ್ ಕ್ರೆಡಿಟ್ ವಹಿವಾಟಿನ ಯೋಜನೆಯನ್ನು ಕೇಂದ್ರ 2023ರಲ್ಲಿ ಅಧಿಸೂಚಿಸಿತು. ಐರೋಪ್ಯ ಒಕ್ಕೂಟ ಉಕ್ಕು, ಅಲ್ಯೂಮಿನಿಯಂ, ಸಿಮೆಂಟಿನಂಥ ಆಮದಿನ ಮೇಲೆ ಕಾರ್ಬನ್ ಲೆಕ್ಕ ಕೇಳಲು ತೊಡಗಿದ್ದು ಅದೇ ವರ್ಷದ ಅಕ್ಟೋಬರಿನಿಂದ. ಬಳ್ಳಾರಿ ಸೀಮೆಯ ಉಕ್ಕು ಯುರೋಪಿಗೆ ಹೋಗಬೇಕಾದರೆ ಅದರ ಹೊಗೆಯ ಲೆಕ್ಕವೂ ಜೊತೆಗೆ ಹೋಗಬೇಕು.

ಸಂಬಳದಲ್ಲಿ ಇದು ಎಸ್‌ಟಿಪಿಗಿಂತ ಮೇಲು, ಶೂಗೆ ಕೆಸರು ಹತ್ತುವುದಿಲ್ಲ. ಆದರೆ ಇಲ್ಲಿ ನಿಮ್ಮ ಜೊತೆ ಪೈಪೋಟಿಗೆ ಎಂಬಿಎ ಮಾಡಿದವರು, ಲೆಕ್ಕಪರಿಶೋಧಕರು ಎಲ್ಲರೂ ಇದ್ದಾರೆ. ಎಕ್ಸೆಲ್ ಅವರಿಗೂ ಬರುತ್ತದೆ. ಬಾಯ್ಲರಿನ ಕಲ್ಲಿದ್ದಲಿನ ಲೆಕ್ಕಕ್ಕೂ ಚಿಮಣಿಯ ಅಳತೆಗೂ ತಾಳೆಯಾಗದಿದ್ದಾಗ ಹೆಲ್ಮೆಟ್ ಹಾಕಿಕೊಂಡು ಹೋಗಿ ತಪ್ಪು ಎಲ್ಲಿದೆ ಎಂದು ಹುಡುಕಿ ಬರುವುದು ಮಾತ್ರ ಅವರಿಗೆ ಬಾರದು. ಕಾರ್ಖಾನೆಯನ್ನೇ ಕಾಣದೆ ನೇರವಾಗಿ ಸಸ್ಟೇನಬಿಲಿಟಿ ಅನಲಿಸ್ಟ್ ಆದವರು ಮೂರು ವರ್ಷಕ್ಕೆ ಅಲ್ಲೇ ನಿಂತುಬಿಡುವುದನ್ನು ಕಂಡಿದ್ದೇನೆ.

ಹುಡುಕುವುದು ಹೇಗೆ

ಜಾಬ್ ಪೋರ್ಟಲ್‌ಗಿಂತ ಒಳ್ಳೆಯ ಜಾಗ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣ. 2018ರಿಂದ ಇದೆ, ಯಾರು ಬೇಕಾದರೂ ನೋಡಬಹುದು. ಯಾವ ಜಿಲ್ಲೆಯಲ್ಲಿ ಯಾವ ಕಾರ್ಖಾನೆ ವಿಸ್ತರಣೆ ಕೇಳಿದೆ, ಯಾವ ಕನ್ಸಲ್ಟೆನ್ಸಿ ಅದರ ವರದಿ ಬರೆದಿದೆ, ಸಮಿತಿ ಏನೇನು ಷರತ್ತು ಹಾಕಿದೆ, ಎಲ್ಲ ಅಲ್ಲಿ ಸಿಗುತ್ತದೆ. ಅನುಮತಿ ಪತ್ರದಲ್ಲಿ ‘ಪ್ರತ್ಯೇಕ ಪರಿಸರ ನಿರ್ವಹಣಾ ಕೋಶ ಇರಬೇಕು’ ಎಂಬ ಷರತ್ತು ಸಾಮಾನ್ಯ. ಆ ಕೋಶದಲ್ಲಿ ಕೂರಲು ಯಾರಾದರೂ ಬೇಕಲ್ಲವೇ? ಆರು ತಿಂಗಳಿಗೊಮ್ಮೆ ಷರತ್ತು ಪಾಲನೆಯ ವರದಿ ಕೊಡಬೇಕೆಂದೂ ಇರುತ್ತದೆ. ಅದನ್ನು ಬರೆಯಲೂ ಒಬ್ಬರು ಬೇಕು. ಜಾಹೀರಾತು ಹೊರಡುವ ಮೊದಲೇ ಆ ಕಾರ್ಖಾನೆಗೆ ಪತ್ರ ಬರೆದು, ‘ನಿಮ್ಮ ಅನುಮತಿ ಪತ್ರ ಓದಿದ್ದೇನೆ, ಇಂತಿಂಥ ಷರತ್ತುಗಳಲ್ಲಿ ನಿಮಗೆ ನೆರವಾಗಬಲ್ಲೆ’ ಎಂದರೆ ಸಿಗುವ ಉತ್ತರವೇ ಬೇರೆ. ‘ಸವಾಲಿನ ಹುದ್ದೆಯನ್ನು ಬಯಸುವ ಶ್ರಮಜೀವಿ’ ಎಂದು ಶುರುವಾಗುವ ಬಯೋಡೇಟಾಗಳನ್ನು ಓದಿ ಓದಿ ಎಚ್‌.ಆರ್. ವಿಭಾಗದವರ ಕಣ್ಣು ದಣಿದಿದೆ.

ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಇವೆ. ಆ ಹಣದಲ್ಲಿ ನಡೆಯುವ ಅಧ್ಯಯನಗಳಿಗೆ ಗುತ್ತಿಗೆಯ ಮೇಲೆ ಜನ ತೆಗೆದುಕೊಳ್ಳುತ್ತಾರೆ. ನೀರಿನ ಲ್ಯಾಬ್‌ಗಳಿಗೆ ಹೋಗುವವರು ಕುಡಿಯುವ ನೀರಿನ ಮಾನದಂಡವಾದ ಐಎಸ್ 10500ರ ಮಿತಿಗಳನ್ನು, ಮುಖ್ಯವಾಗಿ ಫ್ಲೋರೈಡ್, ನೈಟ್ರೇಟ್‌ಗಳದನ್ನು ಬಾಯಿಪಾಠ ಮಾಡಿಕೊಂಡಿರಲಿ. ಪಾವಗಡ, ಕೋಲಾರದ ಕಡೆ ಅದು ದಿನನಿತ್ಯದ ಪ್ರಶ್ನೆ. ಸಾಫ್ಟ್‌ವೇರ್‌ಗಳಲ್ಲಿ ಆಟೊಕ್ಯಾಡ್ ಅನಿವಾರ್ಯ. ಇಪಿಎ–ನೆಟ್, ಕ್ಯುಜಿಐಎಸ್ ಎರಡೂ ಪುಕ್ಕಟೆ, ಮನೆಯಲ್ಲೇ ಕಲಿಯಬಹುದು. ನಿಮ್ಮೂರಿನ ನೀರಿನ ಕೊಳವೆ ಜಾಲವನ್ನೇ ಒಂದು ಮಾದರಿಯಾಗಿ ಮಾಡಿ ಸಂದರ್ಶನಕ್ಕೆ ಒಯ್ಯಿರಿ. ಕೆಲಸ ಕೊಡಿಸುತ್ತೇವೆಂದು ಮುಂಗಡ ಕೇಳುವ ಏಜೆಂಟರಿಗೆ ಒಂದು ಪೈಸೆಯೂ ಬೇಡ.

ವಿದೇಶದ ಆಸೆ ಇರುವವರಿಗೆ ಅಮೆರಿಕದಲ್ಲಿ ಎಂಜಿನಿಯರ್ ಪರವಾನಗಿಯ ಮೊದಲ ಹಂತವಾದ ಎಫ್‌ಇ ಪರೀಕ್ಷೆಗೆ ಪರಿಸರ ಎಂಬ ಪ್ರತ್ಯೇಕ ವಿಭಾಗವೇ ಇದೆ. ಅಲ್ಲಿ ಎಂ.ಎಸ್. ಮಾಡುತ್ತಿರುವಾಗಲೇ ಅದನ್ನು ಮುಗಿಸಿಕೊಂಡವರಿಗೆ ದಾರಿ ಸಲೀಸು. ಕೊಲ್ಲಿ ದೇಶಗಳಲ್ಲಿ ಸಮುದ್ರದ ನೀರು ಸಿಹಿ ಮಾಡುವ ಘಟಕಗಳಿವೆ, ಆದರೆ ಅವರು ಕೇಳುವುದು ಅನುಭವವನ್ನು.

ಸಂಬಳದ ಮಾತು ಆಡದೆ ಮುಗಿಸುವುದು ಸರಿಯಲ್ಲ. ಆರಂಭದಲ್ಲಿ ಅದು ಐಟಿಗೆ ಹೋದ ಗೆಳೆಯರದಕ್ಕಿಂತ ಕಡಿಮೆಯೇ. ಸಣ್ಣ ಸಂಸ್ಥೆಗಳಲ್ಲಂತೂ ನಾಚಿಕೆಯಾಗುವಷ್ಟು ಕಡಿಮೆ. ಐದಾರು ವರ್ಷ ದಾಟಿ, ಘಟಕ ನಡೆಸಿದ ಅನುಭವಕ್ಕೆ ಡಿಸೈನ್ ಅಥವಾ ಕಾಯಿದೆಯ ತಿಳಿವಳಿಕೆ ಸೇರಿದ ಮೇಲೆ ಏರುತ್ತದೆ. ಅಲ್ಲಿಯವರೆಗೆ ತಾಳಿಕೊಳ್ಳಲು ಮನೆಯ ಪರಿಸ್ಥಿತಿ ಬಿಡಬೇಕು. ಎಲ್ಲರಿಗೂ ಅದು ಇರುವುದಿಲ್ಲ, ಹಾಗಾಗಿ ಟೆಸ್ಟಿಂಗ್ ಕೋರ್ಸ್ ಸೇರಿದವರನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಹೆಣ್ಣುಮಕ್ಕಳನ್ನು ಸೈಟಿಗೆ ಬೇಡ, ಲ್ಯಾಬ್‌ಗೆ ಸಾಕು ಎನ್ನುವ ಹಳೇ ಚಾಳಿ ಇನ್ನೂ ಹೋಗಿಲ್ಲ. ಎಷ್ಟೋ ಸೈಟುಗಳಲ್ಲಿ ಅವರಿಗೊಂದು ಶೌಚಾಲಯ ಇರುವುದಿಲ್ಲ. ಕಟ್ಟುತ್ತಿರುವುದು ಶೌಚದ ನೀರಿನ ಘಟಕವೇ ಆದರೂ!

ಆಫರ್ ಲೆಟರ್ ಕೈಗೆ ಬಂದಾಗ ಸಂಬಳದ ಅಂಕಿಯ ಜೊತೆಗೆ ಇನ್ನೂ ಕೆಲವನ್ನು ಕೇಳಿ ತಿಳಿದುಕೊಳ್ಳಿ. ಪಿಎಫ್ ಇದೆಯೇ. ಟ್ಯಾಂಕು ಸ್ವಚ್ಛ ಮಾಡುವಾಗ ಗ್ಯಾಸ್ ಮೀಟರ್, ಬ್ಲೋವರ್, ಹಗ್ಗ, ಉಸಿರಾಟದ ಉಪಕರಣ ಕೊಡುತ್ತಾರೆಯೇ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗಿಗೆ ವಾಸನೆಯೂ ಗೊತ್ತಾಗುವುದಿಲ್ಲ, ಮೊದಲನೆಯವನನ್ನು ಎತ್ತಲು ಇಳಿದ ಎರಡನೆಯವನೂ ಸಾಯುತ್ತಾನೆ. ರಕ್ಷಣೆಯಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ, ಚರಂಡಿಗೆ ಇಳಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯಿದೆಯಡಿ ಅಪರಾಧ. ಇಳಿಯಲು ಹೇಳಿದ ಎಂಜಿನಿಯರ್‌ನ ಹೆಸರೂ ಎಫ್‌ಐಆರ್‌ನಲ್ಲಿ ಬರಬಹುದು. ಲ್ಯಾಬ್ ವರದಿಯಲ್ಲಿ ಬಿಒಡಿ 10ಕ್ಕಿಂತ ಹೆಚ್ಚು ಬಂದ ದಿನ ಕಚೇರಿಯಲ್ಲಿ ಏನು ಮಾಡುತ್ತಾರೆ ಎಂದು ಅಲ್ಲಿ ಈಗಾಗಲೇ ಕೆಲಸದಲ್ಲಿರುವವರನ್ನು ಕ್ಯಾಂಟೀನಿನಲ್ಲಿ ವಿಚಾರಿಸಿ. ‘ಬ್ಲೋವರ್ ನೋಡ್ತಾರೆ’ ಎಂದರೆ ಸೇರಿಕೊಳ್ಳಿ. ‘ಲ್ಯಾಬ್‌ಗೆ ಫೋನ್ ಮಾಡ್ತಾರೆ’ ಎಂದರೆ ಇನ್ನೊಂದು ಕಡೆ ಅರ್ಜಿ ಹಾಕಿ.